ಕುರ್ಚಿ ಕೆಲಸ, ಕೈಕೆಲಸ: ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ?

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ಎಷ್ಟೋ ಮನೆಗಳಲ್ಲಿ ಒಂದೇ ಮಾತು: ಪಿಯುಸಿಗೆ ಸೇರಿಸೋಣವೋ, ಐಟಿಐಗೋ? ನಾಲ್ಕೈದು ವರ್ಷ ಕಳೆದು ಕೆಲಸದ ಆಫರ್ ಕೈಗೆ ಬಂದಾಗಲೂ ಅದೇ ಪ್ರಶ್ನೆ ಇನ್ನೊಂದು ವೇಷದಲ್ಲಿ ಬರುತ್ತದೆ. ಫ್ಯಾನ್ ಕೆಳಗೆ ಕೂತು ಮಾಡುವುದು ದೊಡ್ಡ ಕೆಲಸ, ಕೈಗೆ ಗ್ರೀಸ್ ಮೆತ್ತುವುದು ಸಣ್ಣ ಕೆಲಸ ಎಂದು ಮೊದಲೇ ತೀರ್ಮಾನಿಸಿಬಿಟ್ಟರೆ ಆಮೇಲಿನ ಲೆಕ್ಕಕ್ಕೆ ಅರ್ಥವಿಲ್ಲ. ಮೊದಲು ಹಾಳೆ, ಪೆನ್ನು ತನ್ನಿ.

ಎರಡೂ ಕೆಲಸದ ಸಂಬಳವನ್ನು ಕೈಗೆ ಸಿಗುವ ಹಣಕ್ಕೆ ಇಳಿಸಿ ಬರೆಯಿರಿ. ಆಫೀಸಿನವರು ಹೇಳುವುದು ಸಾಮಾನ್ಯವಾಗಿ ಸಿಟಿಸಿ, ಅಂದರೆ ನಿಮ್ಮ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು. ಕಂಪನಿ ತನ್ನ ಪಾಲಿಗೆ ಕಟ್ಟುವ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ವಿಮೆ), ಗ್ರಾಚ್ಯುಟಿ (ವರ್ಷಗಟ್ಟಲೆ ದುಡಿದು ಬಿಟ್ಟಾಗ ಸಿಗುವ ಹಣ) ಎಲ್ಲವೂ ಅದರೊಳಗಿರುತ್ತವೆ. ತಿಂಗಳಿಗೆ 22,000 ಸಿಟಿಸಿ, ಅದರಲ್ಲಿ ಬೇಸಿಕ್ (ಮೂಲ ಸಂಬಳ) 12,000 ಎಂದಿಟ್ಟುಕೊಳ್ಳಿ. ಬೇಸಿಕ್‌ನ ಶೇ. 12ರಂತೆ ನೌಕರನ ಪಿಎಫ್ 1,440, ಕಂಪನಿಯದೂ ಅಷ್ಟೇ. ಇಎಸ್‌ಐಗೆ ನೌಕರನಿಂದ ಶೇ. 0.75, ಕಂಪನಿಯಿಂದ ಶೇ. 3.25. ಗ್ರಾಚ್ಯುಟಿಯನ್ನೂ ಕಳೆದರೆ ಬ್ಯಾಂಕಿಗೆ ಬೀಳುವುದು ಸುಮಾರು 17,800.

ಅದೇ ಹೊತ್ತಿಗೆ ಒಂದು ಕಾರ್ಖಾನೆ ಫಿಟ್ಟರ್ ಕೆಲಸಕ್ಕೆ 18,500 ಗ್ರಾಸ್ (ಕಡಿತಕ್ಕೆ ಮುಂಚಿನ ಸಂಬಳ) ಕೊಡುತ್ತದೆ ಎನ್ನೋಣ. ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 15,000. ಪಿಎಫ್ 1,800, ಇಎಸ್‌ಐ ಸುಮಾರು 139, ಕ್ಯಾಂಟೀನಿಗೆ 300 ಹೋದರೆ ಕೈಗೆ ಸುಮಾರು 16,260. ಇಲ್ಲಿಗೇ ನಿಲ್ಲಿಸಿದರೆ ಆಫೀಸು ಗೆದ್ದಂತೆ ಕಾಣುತ್ತದೆ. ಈಗ ಗಂಟೆಯಿಂದ ಭಾಗಿಸಿ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಹೋಗಿಬರಲು 3 ಗಂಟೆ, ಆಫೀಸಿನಲ್ಲಿ 9 ಗಂಟೆ: ತಿಂಗಳ 26 ದಿನಕ್ಕೆ 312 ಗಂಟೆ, ಗಂಟೆಗೆ 57 ರೂಪಾಯಿ. ಕಾರ್ಖಾನೆಯ ಶಿಫ್ಟು ಎಂಟೂವರೆ ಗಂಟೆ, ಕಂಪನಿ ಬಸ್ಸಿನಲ್ಲಿ ಒಂದೂವರೆ ಗಂಟೆ ಆದರೆ 260 ಗಂಟೆ, ಗಂಟೆಗೆ 62. ಆಫೀಸಿಗೆ ಹೋಗುವ ಬಸ್ ಚಾರ್ಜನ್ನು ನಾವಿನ್ನೂ ಕಳೆದೇ ಇಲ್ಲ. ಕಂಪನಿ ತನ್ನ ಪಾಲಿನ ಪಿಎಫ್ ಕಟ್ಟುವುದೂ ಫಿಟ್ಟರಿಗೇ 360 ರೂಪಾಯಿ ಹೆಚ್ಚು. ನಿಮ್ಮ ಅಂಕಿ ಬೇರೆ ಇರಬಹುದು, ಆಫೀಸೇ ಗೆಲ್ಲಬಹುದು. ಲೆಕ್ಕ ಹಾಕುವ ಕ್ರಮ ಮಾತ್ರ ಇದೇ.

ಓಟಿ (ಹೆಚ್ಚುವರಿ ಗಂಟೆಯ ದುಡಿತ) ಹಣವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ವಾರಕ್ಕೆ 48 ಗಂಟೆ ಮೀರಿದರೆ ಕಾರ್ಖಾನೆ ಕಾರ್ಮಿಕರಿಗೆ ದುಪ್ಪಟ್ಟು ಕೂಲಿ ಎಂಬುದು ನಿಯಮ, ನಿಜ. ಆದರೆ ಆರ್ಡರ್ ಕಡಿಮೆಯಾದ ತಿಂಗಳು ಓಟಿ ನಿಂತುಹೋಗುತ್ತದೆ. ಓಟಿ ನಂಬಿ ಬೈಕ್ ಸಾಲ ತೆಗೆದವರು ಆಗಲೇ ಕಂತು ತಪ್ಪಿಸುವುದು.

ಹೆಚ್ಚು ಮಂದಿ ಮೋಸಹೋಗುವುದು ಸಂಬಳದಲ್ಲಲ್ಲ, ಕಾಗದದಲ್ಲಿ. ಆಫರ್ ಲೆಟರ್‌ನಲ್ಲಿ ಸಹಿ ಯಾರದು ನೋಡಿ: ಕಂಪನಿಯದೋ, ಕಾಂಟ್ರಾಕ್ಟರ್‌ದೋ? ಕಾಂಟ್ರಾಕ್ಟರ್ ವರ್ಷಕ್ಕೊಮ್ಮೆ ಬದಲಾದರೆ ಸೇವಾ ಅವಧಿ ತುಂಡಾಗುತ್ತದೆ, ಗ್ರಾಚ್ಯುಟಿ ಕೈತಪ್ಪುವ ಅಪಾಯವಿದೆ. ಅದು ಸಣ್ಣ ಮೊತ್ತವಲ್ಲ. ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನದ ಲೆಕ್ಕ. ಬೇಸಿಕ್ ಮತ್ತು ಡಿಎ 15,000 ಇದ್ದು 5 ವರ್ಷ ಮುಗಿಸಿದ ಕಾಯಂ ನೌಕರನಿಗೆ 43,269 ರೂಪಾಯಿ. ಇನ್ನೊಂದು ಶಬ್ದ ‘ಅಪ್ರೆಂಟಿಸ್’. ಅಪ್ರೆಂಟಿಸ್ ಕಾಯ್ದೆಯಡಿ ಸಿಗುವುದು ಸ್ಟೈಪೆಂಡ್, ಸಂಬಳವಲ್ಲ. ಪಿಎಫ್, ಇಎಸ್‌ಐ ಇಲ್ಲ, ತರಬೇತಿ ಮುಗಿದ ಮೇಲೆ ಅಲ್ಲೇ ಕೆಲಸ ಕೊಡಲೇಬೇಕೆಂದೂ ಇಲ್ಲ. ಕಲಿಯಲು ಒಳ್ಳೆಯದು, ಆದರೆ ನೌಕರಿ ಎಂದುಕೊಂಡು ಹೋಗಬೇಡಿ. ಕೆಲಸಕ್ಕೆ ಸೇರಿದ ಮೇಲೆ ಯುಎಎನ್ (ನಿಮ್ಮ ಪಿಎಫ್ ಗುರುತಿನ ಸಂಖ್ಯೆ) ಪಡೆದು ಪ್ರತಿ ತಿಂಗಳು ಪಿಎಫ್ ಪಾಸ್‌ಬುಕ್ ನೋಡಿ. ಸಂಬಳದಲ್ಲಿ ಹಿಡಿದ ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಎರಡು ತಿಂಗಳು ಕಾಣದಿದ್ದರೆ ಬರಹದಲ್ಲೇ ಕೇಳಿ.

ಇನ್ನು ಮುಂದಿನ ಮೆಟ್ಟಿಲು. ಐಟಿಐ ಅಂದರೆ ಅಲ್ಲಿಗೆ ಓದು ಮುಗಿಯಿತು ಎನ್ನುವ ಮಾತು ಸುಳ್ಳು. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿಯಲ್ಲಿ ಸೇರಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದರೆ ಬಿಇ ಎರಡನೇ ವರ್ಷ. ಎಲೆಕ್ಟ್ರಿಷಿಯನ್ ಆದವರಿಗೆ ಇನ್ನೊಂದು ದಾರಿ: ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರ್ಮಿಟ್, ಮುಂದೆ ಕಾಂಟ್ರಾಕ್ಟರ್ ಲೈಸೆನ್ಸ್. ಆಫೀಸಿನ ಆಫರಿಗೂ ಇದೇ ಪ್ರಶ್ನೆ ಹಾಕಿ: ಡೇಟಾ ಎಂಟ್ರಿಗೆ ಸೇರಿದವರು ಮೂರು ವರ್ಷದ ನಂತರ ಏನಾಗುತ್ತಾರೆ? ಉತ್ತರ ತಡವರಿಸಿದರೆ ಅದನ್ನೂ ಹಾಳೆಯಲ್ಲಿ ಬರೆದುಕೊಳ್ಳಿ.

ದೇಹ ತೆರುವ ಬೆಲೆಯನ್ನು ಮುಚ್ಚಿಡಬಾರದು. ವೆಲ್ಡಿಂಗ್ ಹೊಗೆ, ಪ್ರೆಸ್ ಶಾಪಿನ ಸದ್ದು, ರಾತ್ರಿ ಪಾಳಿ ನಿಜವಾದ ಕಷ್ಟಗಳು. ಸಂದರ್ಶನದಲ್ಲೇ ಸೇಫ್ಟಿ ಶೂ, ಕನ್ನಡಕ, ಇಯರ್‌ಪ್ಲಗ್ ಕಂಪನಿಯೇ ಕೊಡುತ್ತದೆಯೇ ಎಂದು ಕೇಳಿ. ಸಾಧ್ಯವಾದರೆ ಶಿಫ್ಟು ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ಇಬ್ಬರು ಹಳೆಯ ಕೆಲಸಗಾರರನ್ನು ಮಾತಾಡಿಸಿ. ಎಚ್‌ಆರ್ ಹೇಳದ್ದನ್ನು ಅವರು ಹೇಳುತ್ತಾರೆ.

ಕೊನೆಯದು ಮರ್ಯಾದೆ. ಇದು ಹಾಳೆಯ ಲೆಕ್ಕಕ್ಕೆ ಸಿಗದು, ಆದರೆ ಹುಡುಗ ಹುಡುಗಿಯರು ಐಟಿಐ ಬೇಡ ಎನ್ನುವುದು ಹೆಚ್ಚಾಗಿ ಇದಕ್ಕೇ. ಕೈಕೆಲಸವನ್ನು ಜಾತಿಯ ಜೊತೆ ಗಂಟುಹಾಕಿದ ಸಮಾಜ ನಮ್ಮದು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಎಂದು ಕಸುಬನ್ನೇ ಹೆಸರಿನ ಮುಂದಿಟ್ಟ ಶರಣರ ನಾಡೂ ನಮ್ಮದೇ. ಮನೆಯಲ್ಲಿ ಮಾಡಬಹುದಾದ್ದು ಇಷ್ಟು: ಪ್ಲಂಬರ್ ಬಂದರೆ ಬಹುವಚನದಲ್ಲೇ ಮಾತಾಡಿಸಿ, ಕೂಲಿ ಮೊದಲೇ ಮಾತಾಡಿಕೊಂಡು ಅಂದೇ ಕೊಡಿ, ಕಾಫಿಯನ್ನು ನೀವು ಕುಡಿಯುವ ಲೋಟದಲ್ಲೇ ಕೊಡಿ. ನೆಂಟರು ಮಗಳ ಕೆಲಸ ಕೇಳಿದಾಗ ‘ಯಾವುದೋ ಫ್ಯಾಕ್ಟರಿ’ ಎಂದು ಮಾತು ತೇಲಿಸಬೇಡಿ. ‘ಸಿಎನ್‌ಸಿ ಮೆಷಿನ್ ಆಪರೇಟರ್’ ಎಂದು ಟ್ರೇಡಿನ ಹೆಸರು ಹಿಡಿದು ಹೇಳಿ. ಮಗಳು ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿರುತ್ತಾಳೆ.