ಶಟ್ ಡೌನ್ ಹೊತ್ತಿನ ಎರರ್ ಬಾಕ್ಸ್ ಮತ್ತು ಆಂಟಿವೈರಸ್: ನನ್ನ ಅನುಭವ

ದಾವಣಗೆರೆಯಲ್ಲಿ ಕಂಪ್ಯೂಟರ್ ದುರಸ್ತಿಯ ಕೆಲಸ ಮಾಡುವ ನನಗೆ ಸಂಜೆ ಅಂಗಡಿ, ಕಚೇರಿಗಳು ಬಾಗಿಲು ಹಾಕುವ ಹೊತ್ತಿಗೆ ಬರುವ ಕರೆಗಳಲ್ಲಿ ಒಂದು ದೂರು ಪದೇ ಪದೇ ಇರುತ್ತದೆ. ದಿನವಿಡೀ ಯಂತ್ರ ಸರಿಯಾಗಿಯೇ ನಡೆದಿರುತ್ತದೆ; ಶಟ್ ಡೌನ್ ಕೊಟ್ಟ ಕೂಡಲೇ ತೆರೆಯ ಮೇಲೆ ಒಂದು ಎರರ್ ಬಾಕ್ಸ್ ಬರುತ್ತದೆ, ಓಕೆ ಒತ್ತುವವರೆಗೆ ಯಂತ್ರ ಬಂದ್ ಆಗುವುದಿಲ್ಲ, ಕೆಲವೊಮ್ಮೆ ಓಕೆ ಒತ್ತಿದರೂ ಆಗುವುದಿಲ್ಲ. ಮನೆಗೆ ಹೊರಟವರು ಕಾಯಲಾರದೆ ಪವರ್ ಬಟನ್ ಒತ್ತಿ ಹಿಡಿಯುತ್ತಾರೆ. ನನ್ನ ಕೈಗೆ ಬಂದ ಇಂಥ ಪ್ರಕರಣಗಳಲ್ಲಿ ಬಹುಪಾಲಿನ ಮೂಲ ಆಂಟಿವೈರಸ್ ಅಥವಾ ಅದೇ ಜಾತಿಯ ಬೇರೊಂದು ಭದ್ರತಾ ತಂತ್ರಾಂಶವಾಗಿತ್ತು, ಆದರೆ ಬಾಕ್ಸ್‌ನ ತಲೆಬರಹದಲ್ಲಿ ಅದರ ಹೆಸರು ಇರುತ್ತಿದ್ದುದು ಅಪರೂಪ. ನೋವು ಅನುಭವಿಸಿದ ಪ್ರೋಗ್ರಾಂನ ಹೆಸರನ್ನು ವಿಂಡೋಸ್ ತೋರಿಸುತ್ತದೆ. ನೋವು ಕೊಟ್ಟದ್ದನ್ನು ನಾವೇ ಹುಡುಕಬೇಕಾಗುತ್ತದೆ.

ಪಿ.ಜೆ. ಬಡಾವಣೆಯ ಒಂದು ಲೆಕ್ಕಪತ್ರ ಕಚೇರಿಯ ಯಂತ್ರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಅದು ವಿಂಡೋಸ್ 10 ಇದ್ದ, ಟ್ಯಾಲಿ ಮತ್ತು ಜಿಎಸ್‌ಟಿ ರಿಟರ್ನ್ ಕೆಲಸಕ್ಕೆ ಬಳಸುತ್ತಿದ್ದ ಕಂಪ್ಯೂಟರ್. ಬಾಕ್ಸ್‌ನ ಮೇಲೆ ಎಕ್ಸ್‌ಪ್ಲೋರರ್ (ಡೆಸ್ಕ್‌ಟಾಪ್, ಫೋಲ್ಡರ್‌ಗಳನ್ನು ತೋರಿಸುವ ವಿಂಡೋಸ್‌ನದೇ ಪ್ರೋಗ್ರಾಂ) ಹೆಸರು, ಕೆಳಗೆ ಎರಡು ಉದ್ದನೆಯ ಮೆಮೊರಿ ವಿಳಾಸಗಳು, ಕೊನೆಯಲ್ಲಿ ‘ದಿ ಮೆಮೊರಿ ಕುಡ್ ನಾಟ್ ಬಿ ರೆಡ್’ ಎಂಬ ವಾಕ್ಯ. ಮೆಮೊರಿ ಎಂಬ ಪದವನ್ನು ನೋಡಿ ಯಾರೋ ಅವರಿಗೆ ಹೊಸ ರ್‍ಯಾಮ್ ಹಾಕಿಸಿದ್ದರು. ‘ರ್‍ಯಾಮ್ ಹೊಸಾದು ಹಾಕ್ಸಿದ್ರೂ ಅದೇ ಬರ್ತೈತಲ್ರಿ ಸರ್’ ಎಂದು ಕಚೇರಿಯವರು ಬೇಸರದಿಂದ ಹೇಳಿದರು. ಆ ವಾಕ್ಯದಲ್ಲಿರುವ ಮೆಮೊರಿ ಬೋರ್ಡಿನ ಮೇಲೆ ಕೂರಿಸುವ ರ್‍ಯಾಮ್ ಪಟ್ಟಿಯಲ್ಲ. ಒಂದು ಪ್ರೋಗ್ರಾಂ ತನಗೆ ಹಕ್ಕಿಲ್ಲದ ಅಥವಾ ಈಗ ಖಾಲಿಯಾಗಿರುವ ವಿಳಾಸವನ್ನು ಓದಲು ಹೋಯಿತು ಎಂಬುದಷ್ಟೇ ಅದರ ಅರ್ಥ. ರ್‍ಯಾಮ್ ನಿಜವಾಗಿ ಕೆಟ್ಟಿದ್ದರೆ ತೊಂದರೆ ಶಟ್ ಡೌನ್ ಹೊತ್ತಿಗಾಗಿ ಕಾದು ಕೂರುವುದಿಲ್ಲ. ದಿನದ ಯಾವ ಹೊತ್ತಿನಲ್ಲಾದರೂ, ಒಮ್ಮೆ ಬ್ರೌಸರ್‌ನಲ್ಲಿ, ಒಮ್ಮೆ ಟ್ಯಾಲಿಯಲ್ಲಿ, ಒಮ್ಮೆ ನೀಲಿ ಪರದೆಯಾಗಿ ಕಾಣಿಸಿಕೊಳ್ಳುತ್ತದೆ. ಸಂದೇಹ ಉಳಿಯಬಾರದೆಂದು ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಅನ್ನು ಓಡಿಸಿದೆ, ದೋಷವೇನೂ ಕಾಣಲಿಲ್ಲ.

ಆಂಟಿವೈರಸ್ ಇದರಲ್ಲಿ ಹೇಗೆ ಸೇರಿಕೊಳ್ಳುತ್ತದೆ ಎಂಬುದನ್ನು ತಿಳಿದರೆ ಮುಂದಿನ ಹುಡುಕಾಟ ಸುಲಭ. ಅನೇಕ ಭದ್ರತಾ ತಂತ್ರಾಂಶಗಳು ಚಾಲ್ತಿಯಲ್ಲಿರುವ ಇತರ ಪ್ರೋಗ್ರಾಂಗಳ ಮೇಲೆ ಕಣ್ಣಿಡಲು ತಮ್ಮದೊಂದು ಡಿಎಲ್‌ಎಲ್ ಕಡತವನ್ನು (ಬೇರೆ ಪ್ರೋಗ್ರಾಂಗಳ ಒಳಗೆ ಸೇರಿ ಕೆಲಸ ಮಾಡುವ ಕೋಡಿನ ಕಡತ) ಅವುಗಳ ಒಳಗೇ ಸೇರಿಸುತ್ತವೆ. ಶಟ್ ಡೌನ್ ಕೊಟ್ಟಾಗ ವಿಂಡೋಸ್ ಮೊದಲು ಬಳಕೆದಾರರ ಪ್ರೋಗ್ರಾಂಗಳಿಗೆ ಮುಚ್ಚಿಕೊಳ್ಳಲು ಹೇಳುತ್ತದೆ, ಆಮೇಲೆ ಹಿನ್ನೆಲೆಯ ಸರ್ವಿಸ್‌ಗಳನ್ನು ನಿಲ್ಲಿಸುತ್ತದೆ. ಈ ಗಡಿಬಿಡಿಯಲ್ಲಿ ಆ ಡಿಎಲ್‌ಎಲ್ ಮೊದಲೇ ಹೊರಬಿದ್ದು, ಅದರೊಳಗಿನ ಕೋಡಿಗೆ ಮರಳಬೇಕಾದ ಒಂದು ಕೆಲಸ ಇನ್ನೂ ಬಾಕಿ ಉಳಿದಿದ್ದರೆ, ಮನೆ ಖಾಲಿ ಮಾಡಿದವರ ಹಳೇ ವಿಳಾಸಕ್ಕೆ ಹೋದ ಟಪಾಲಿನ ಗತಿಯೇ ಅದಕ್ಕೂ ಆಗುತ್ತದೆ. ವಿಳಾಸ ಇದೆ, ಅಲ್ಲಿ ಯಾರೂ ಇಲ್ಲ. ಆಗ ಎರರ್ ಬರುವುದು ಎಕ್ಸ್‌ಪ್ಲೋರರ್ ಹೆಸರಿನಲ್ಲಿ.

ಇದನ್ನು ಊಹೆಯಾಗಿ ಬಿಡದೆ ದಾಖಲೆಯಿಂದ ಖಚಿತಪಡಿಸಿಕೊಳ್ಳಲು ನಾನು ವಿಂಡೋಸ್ ಬರೆದಿಡುವ ಘಟನೆಗಳ ದಾಖಲೆಯನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆಯುತ್ತೇನೆ. ವಿಂಡೋಸ್ ಲಾಗ್ಸ್ ಅಡಿಯ ಅಪ್ಲಿಕೇಶನ್ ವಿಭಾಗದಲ್ಲಿ 1000 ಸಂಖ್ಯೆಯ ಈವೆಂಟ್ ಎಂದರೆ ಒಂದು ಪ್ರೋಗ್ರಾಂ ಕುಸಿದ ದಾಖಲೆ. ಅದನ್ನು ತೆರೆದರೆ ಎರಡು ಸಾಲುಗಳು ಮುಖ್ಯ: ‘ಫಾಲ್ಟಿಂಗ್ ಅಪ್ಲಿಕೇಶನ್’ ಎಂಬಲ್ಲಿ ಕುಸಿದ ಪ್ರೋಗ್ರಾಂ, ‘ಫಾಲ್ಟಿಂಗ್ ಮಾಡ್ಯೂಲ್’ ಎಂಬಲ್ಲಿ ಯಾವ ಕಡತದೊಳಗೆ ಅದು ಮುಗ್ಗರಿಸಿತು ಎಂಬುದು. ಕಚೇರಿಯ ಯಂತ್ರದಲ್ಲಿ ಮೊದಲ ಸಾಲು ಎಕ್ಸ್‌ಪ್ಲೋರರ್ ಎಂದಿತ್ತು, ಎರಡನೆಯದು ಆಂಟಿವೈರಸ್‌ನ ಫೋಲ್ಡರ್‌ನಲ್ಲಿದ್ದ ಒಂದು ಡಿಎಲ್‌ಎಲ್. ಒಂದು ಬಾರಿಯ ದಾಖಲೆಯನ್ನು ನಾನು ನಂಬುವುದಿಲ್ಲ. ಹಿಂದಿನ ಸಂಜೆಗಳ ದಾಖಲೆಗಳನ್ನೂ ತೆರೆದು ನೋಡಿದಾಗ ಎಲ್ಲದರಲ್ಲೂ ಅದೇ ಕಡತವಿತ್ತು. ಬಳಿಕ ಸಿಸ್ಟಮ್ ವಿಭಾಗದಲ್ಲಿ 1074 ಸಂಖ್ಯೆಯ ಈವೆಂಟ್ ಹುಡುಕಿದೆ. ಶಟ್ ಡೌನ್ ಆದೇಶ ಯಾವ ಕ್ಷಣದಲ್ಲಿ ಬಂತು ಎಂಬುದು ಅಲ್ಲಿ ಸಿಗುತ್ತದೆ, ಕುಸಿತದ ಸಮಯ ಅದರ ಬೆನ್ನಿಗೇ ಇತ್ತು. ಅಲ್ಲೇ 7043 ಕೂಡ ಇತ್ತು: ಆದೇಶ ತಲುಪಿದ ಮೇಲೂ ಒಂದು ಸರ್ವಿಸ್ ಸರಿಯಾಗಿ ನಿಲ್ಲಲಿಲ್ಲ ಎಂಬ ದೂರು, ಅದರ ಕೆಳಗೆ ಅದೇ ಆಂಟಿವೈರಸ್‌ನ ಹೆಸರು. ಇಷ್ಟೆಲ್ಲ ಪಟ್ಟಿಗಳನ್ನು ಓದಲು ಬೇಸರವೆನಿಸುವವರು ರಿಲಯಬಿಲಿಟಿ ಮಾನಿಟರ್ ತೆರೆಯಬಹುದು. ದಿನವಾರು ಕೆಂಪು ಗುರುತುಗಳಲ್ಲಿ ಕುಸಿತಗಳೆಲ್ಲ ಕಾಣುತ್ತವೆ.

ಆ ಡಿಎಲ್‌ಎಲ್ ನಿಜಕ್ಕೂ ಆಂಟಿವೈರಸ್‌ನದೇ ಎಂಬುದನ್ನೂ ನೋಡಿಕೊಳ್ಳಬೇಕು, ಏಕೆಂದರೆ ಭದ್ರತಾ ತಂತ್ರಾಂಶದ ಹೆಸರನ್ನು ಹೊತ್ತ ಕಳ್ಳ ಕಡತಗಳೂ ಇರುತ್ತವೆ. ಕಡತದ ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ಸ್ ಎಂಬ ಭಾಗವಿದ್ದು, ಸಹಿ ಆ ಕಂಪನಿಯದೇ ಆಗಿದ್ದರೆ ಸಮಾಧಾನ.

ಆ ಕಚೇರಿಯಲ್ಲಿ ಇನ್ನೊಂದು ಶಂಕೆಯೂ ಇತ್ತು. ರಿಟರ್ನ್‌ಗಳಿಗೆ ಸಹಿ ಹಾಕಲು ಬಳಸುವ ಡಿಎಸ್‌ಸಿ (ಡಿಜಿಟಲ್ ಸಹಿಯ ಪ್ರಮಾಣಪತ್ರ) ಯುಎಸ್‌ಬಿ ಟೋಕನ್‌ನ ಪುಟ್ಟ ಪ್ರೋಗ್ರಾಂ ಗಡಿಯಾರದ ಪಕ್ಕದಲ್ಲಿ ಸದಾ ಕೂತಿರುತ್ತದೆ, ಅದೂ ಒಂದು ಭದ್ರತಾ ತಂತ್ರಾಂಶವೇ. ಹೀಗಾಗಿ ಕ್ಲೀನ್ ಬೂಟ್ ಮಾಡಿದೆ, ಅಂದರೆ ಹೊರಗಿನ ಪ್ರೋಗ್ರಾಂಗಳಿಲ್ಲದೆ ವಿಂಡೋಸ್ ಅನ್ನು ಆರಂಭಿಸಿದೆ: ವಿಂಡೋಸ್‌ನಲ್ಲೇ ಇರುವ ಎಂಎಸ್‌ಕಾನ್ಫಿಗ್ ಎಂಬ ಸಾಧನದಲ್ಲಿ ಮೈಕ್ರೋಸಾಫ್ಟ್‌ನ ಸರ್ವಿಸ್‌ಗಳನ್ನು ಮರೆಮಾಡಿ, ಉಳಿದವುಗಳ ಟಿಕ್ ತೆಗೆದು, ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ಪಟ್ಟಿಯನ್ನೂ ನಿಲ್ಲಿಸಿ ರೀಸ್ಟಾರ್ಟ್. ಟೋಕನ್‌ನ ಪ್ರೋಗ್ರಾಂ ನಿಂತಿತು, ಎರರ್ ನಿಲ್ಲಲಿಲ್ಲ. ಟೋಕನ್ ನಿರಪರಾಧಿ. ಆದರೆ ಆಂಟಿವೈರಸ್‌ನ ಸರ್ವಿಸ್ ಕ್ಲೀನ್ ಬೂಟ್‌ಗೂ ಬಗ್ಗಲಿಲ್ಲ. ವೈರಸ್‌ಗಳು ತನ್ನನ್ನು ನಿಲ್ಲಿಸದಂತೆ ಅದು ಇಟ್ಟುಕೊಂಡಿರುವ ಸ್ವರಕ್ಷಣೆ ನಮ್ಮನ್ನೂ ತಡೆಯುತ್ತದೆ. ಇದನ್ನರಿಯದೆ ‘ಕ್ಲೀನ್ ಬೂಟ್ ಮಾಡಿದರೂ ಎರರ್ ಬಂತು, ಹಾಗಾದರೆ ಆಂಟಿವೈರಸ್ ಕಾರಣವಲ್ಲ’ ಎಂದು ತೀರ್ಮಾನಿಸಿದವರನ್ನು ನಾನು ಕಂಡಿದ್ದೇನೆ.

ಆಮೇಲೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಎಫ್‌ಎಲ್‌ಟಿಎಂಸಿ (fltmc) ಎಂಬ ಆಜ್ಞೆಯನ್ನು ಕೊಟ್ಟೆ. ಕಡತಗಳ ಓದು-ಬರಹದ ದಾರಿಯಲ್ಲಿ ನಿಂತು ತಪಾಸಣೆ ಮಾಡುವ ಫಿಲ್ಟರ್ ಡ್ರೈವರ್‌ಗಳ ಪಟ್ಟಿ ಅದರಿಂದ ಸಿಗುತ್ತದೆ. ಪ್ರತಿಯೊಂದಕ್ಕೂ ಆ ದಾರಿಯಲ್ಲಿ ಅದರ ಸ್ಥಾನವನ್ನು ಹೇಳುವ ಆಲ್ಟಿಟ್ಯೂಡ್ ಎಂಬ ಸಂಖ್ಯೆ ಇದ್ದು, ಆಂಟಿವೈರಸ್‌ಗಳಿಗೆ ಮೀಸಲಾದದ್ದು 320000ದಿಂದ 329999ರ ವರೆಗಿನ ವ್ಯಾಪ್ತಿ. ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಆದ ಡಿಫೆಂಡರ್‌ನ ಫಿಲ್ಟರ್ 328010ರಲ್ಲಿ ನಿಲ್ಲುತ್ತದೆ. ಡಿಫೆಂಡರ್‌ನದು ಬಿಟ್ಟರೆ ಒಂದೇ ಇರಬೇಕಾಗಿದ್ದ ಜಾಗದಲ್ಲಿ ಈ ಯಂತ್ರದಲ್ಲಿ ಎರಡಿದ್ದವು. ಒಂದು ಈಗಿನ ಆಂಟಿವೈರಸ್‌ನದು, ಇನ್ನೊಂದು ಲೈಸೆನ್ಸ್ ಮುಗಿದ ಮೇಲೆ ಕಂಟ್ರೋಲ್ ಪ್ಯಾನಲ್‌ನಿಂದ ತೆಗೆದುಹಾಕಿದ್ದ ಬೇರೊಂದು ಕಂಪನಿಯದು. ತೆಗೆದದ್ದು ಮುಖ ಮಾತ್ರ, ಬೇರು ಉಳಿದಿತ್ತು. ಇಂಥ ಹಳೆಯ ಡ್ರೈವರ್ ಕಡತವನ್ನು ಸಿಸ್ಟಮ್32 ಫೋಲ್ಡರ್‌ಗೆ ಹೋಗಿ ಕೈಯಿಂದ ಅಳಿಸುವ ಆಸೆ ಯಾರಿಗಾದರೂ ಆಗುತ್ತದೆ, ಆದರೆ ವಿಂಡೋಸ್ ತನ್ನ ಸೆಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಅದರ ನಮೂದು ಉಳಿದು ಕಡತ ಮಾತ್ರ ಇಲ್ಲವಾದರೆ ಯಂತ್ರ ಬೂಟ್ ಆಗದೇ ಹೋಗುವ ಅಪಾಯವಿದೆ. ಬಹುತೇಕ ಆಂಟಿವೈರಸ್ ಕಂಪನಿಗಳು ತಮ್ಮ ಉತ್ಪನ್ನವನ್ನು ಪೂರ್ತಿ ತೆಗೆಯುವ ರಿಮೂವಲ್ ಟೂಲ್ ಅನ್ನು ಉಚಿತವಾಗಿ ಕೊಡುತ್ತವೆ. ಅದನ್ನೇ ಬಳಸಬೇಕು.

ಕೆಲಸಕ್ಕೆ ಕೈಹಾಕುವ ಮೊದಲು ಟ್ಯಾಲಿ ಡೇಟಾವನ್ನು ಹೊರಗಿನ ಡಿಸ್ಕ್‌ಗೆ ಬ್ಯಾಕಪ್ ತೆಗೆದೆ, ಈಗಿನ ಆಂಟಿವೈರಸ್‌ನ ಲೈಸೆನ್ಸ್ ಕೀಯನ್ನು ಬರೆದುಕೊಂಡೆ, ಎರಡೂ ಕಂಪನಿಗಳ ರಿಮೂವಲ್ ಟೂಲ್ ಮತ್ತು ಈಗಿನದರ ಹೊಸ ಆವೃತ್ತಿಯನ್ನು ಇಳಿಸಿಕೊಂಡು ನೆಟ್‌ವರ್ಕ್ ಕೇಬಲ್ ಕಿತ್ತೆ. ಡ್ರೈವ್ ಎನ್‌ಕ್ರಿಪ್ಟ್ ಆಗಿರುವ ಲ್ಯಾಪ್‌ಟಾಪ್ ಆಗಿದ್ದರೆ ಬಿಟ್‌ಲಾಕರ್ (ವಿಂಡೋಸ್‌ನ ಎನ್‌ಕ್ರಿಪ್ಶನ್ ಸೌಲಭ್ಯ) ರಿಕವರಿ ಕೀ ಕೈಯಲ್ಲಿರದೆ ಸೇಫ್ ಮೋಡ್‌ಗೆ, ಅಂದರೆ ಅತ್ಯಗತ್ಯವಾದವುಗಳೊಂದಿಗೆ ಮಾತ್ರ ವಿಂಡೋಸ್ ಏಳುವ ಸ್ಥಿತಿಗೆ, ಹೋಗಬಾರದು. ಮೊದಲು ಈಗಿನ ಆಂಟಿವೈರಸ್ ಅನ್‌ಇನ್‌ಸ್ಟಾಲ್, ರೀಸ್ಟಾರ್ಟ್, ಬಳಿಕ ಸೇಫ್ ಮೋಡ್‌ನಲ್ಲಿ ಎರಡೂ ಟೂಲ್‌ಗಳು, ಮತ್ತೆ ರೀಸ್ಟಾರ್ಟ್. ಎಫ್‌ಎಲ್‌ಟಿಎಂಸಿ ಪಟ್ಟಿಯಲ್ಲಿ ಆ ವ್ಯಾಪ್ತಿಯೊಳಗೆ ಡಿಫೆಂಡರ್ ಒಂದೇ ಉಳಿದಿತ್ತು, ಬೇರೆ ಆಂಟಿವೈರಸ್ ಇಲ್ಲವಾದ ಕೂಡಲೇ ಅದು ತಾನಾಗಿಯೇ ಚಾಲೂ ಆಗಿತ್ತು.

ಪರೀಕ್ಷಿಸುವಾಗ ಒಂದು ಸೂಕ್ಷ್ಮವಿದೆ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟ್‌ಅಪ್ ಎಂಬ ಸೌಲಭ್ಯವಿರುವುದರಿಂದ, ಸಾಮಾನ್ಯ ಶಟ್ ಡೌನ್‌ನಲ್ಲಿ ಬಳಕೆದಾರರ ಪ್ರೋಗ್ರಾಂಗಳು ಮುಚ್ಚಿದರೂ ವಿಂಡೋಸ್‌ನ ಒಳಭಾಗ ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕ್‌ನಲ್ಲಿ ಉಳಿದು ಮರುದಿನ ಅದೇ ಸ್ಥಿತಿಯಲ್ಲಿ ಎದ್ದೇಳುತ್ತದೆ. ರೀಸ್ಟಾರ್ಟ್‌ನಲ್ಲಿ ಮಾತ್ರ ಎಲ್ಲವೂ ಹೊಸದಾಗಿ ಲೋಡ್ ಆಗುತ್ತದೆ. ಹೀಗಾಗಿ ರೀಸ್ಟಾರ್ಟ್ ಸರಿಯಾಗಿ ಆಯಿತೆಂದು ಶಟ್ ಡೌನ್ ಸರಿಹೋಯಿತೆಂದು ಹೇಳಲಾಗದು. ನಾನು ರೀಸ್ಟಾರ್ಟ್, ಸಾಮಾನ್ಯ ಶಟ್ ಡೌನ್ ಮತ್ತು ಶಿಫ್ಟ್ ಒತ್ತಿ ಹಿಡಿದು ಮಾಡುವ ಪೂರ್ಣ ಶಟ್ ಡೌನ್ ಮೂರನ್ನೂ, ಅದೂ ಕಚೇರಿಯವರು ದಿನವೂ ತೆರೆದಿಡುವ ಪ್ರೋಗ್ರಾಂಗಳನ್ನೆಲ್ಲ ತೆರೆದು ಬಳಸಿದ ಮೇಲೆ, ಮಾಡಿ ನೋಡುತ್ತೇನೆ. ಈ ಯಂತ್ರದಲ್ಲಿ ಮೂರರಲ್ಲೂ ಬಾಕ್ಸ್ ಬರಲಿಲ್ಲ. ಆಗ ಹೊಸ ಆವೃತ್ತಿಯ ಆಂಟಿವೈರಸ್ ಹಾಕಿ, ಕೇಬಲ್ ಜೋಡಿಸಿ ಅಪ್‌ಡೇಟ್ ಮಾಡಿ ಮತ್ತೆ ಅದೇ ಪರೀಕ್ಷೆ, ಆಗಲೂ ಬರಲಿಲ್ಲ. ಅಂಗಡಿಯಲ್ಲಿ ಕೊಂಡ ಪೆಟ್ಟಿಗೆಯೊಳಗಿನ ಸಿಡಿಯಿಂದ ಹಾಕಿದ್ದರೆ ಹಳೆಯ ಆವೃತ್ತಿಯೇ ಕೂರುತ್ತಿತ್ತು. ವೈರಸ್ ಪಟ್ಟಿ ದಿನವೂ ಅಪ್‌ಡೇಟ್ ಆಗುತ್ತಿದೆ ಎಂದ ಮಾತ್ರಕ್ಕೆ ಪ್ರೋಗ್ರಾಂ ಹೊಸದಾಗಿದೆ ಎಂದು ತಿಳಿಯಬಾರದು, ವಿಂಡೋಸ್‌ಗೆ ದೊಡ್ಡ ಅಪ್‌ಡೇಟ್ ಬಂದ ಮೇಲೆ ಹಳೆಯ ಪ್ರೋಗ್ರಾಂ ಅದಕ್ಕೆ ಹೊಂದದೆ ಹೋಗಬಹುದು.

ಚೌಕಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕಂಡದ್ದು ಬೇರೆ ಬಗೆ. ಅಲ್ಲಿ ಬಾಕ್ಸ್‌ನಲ್ಲಿ ಆಂಟಿವೈರಸ್‌ನದೇ ಹೆಸರಿದ್ದು, ಪ್ರೋಗ್ರಾಂ ಸರಿಯಾಗಿ ಆರಂಭವಾಗಲಿಲ್ಲ ಎಂಬ ಮಾತಿನ ಜೊತೆಗೆ ಸಿ0000142 ಎಂದು ಮುಗಿಯುವ ಕೋಡ್ ಇತ್ತು. ಯಾವುದೋ ಡಿಎಲ್‌ಎಲ್ ಸಿದ್ಧಗೊಳ್ಳಲು ವಿಫಲವಾಯಿತು ಎಂದು ಆ ಕೋಡ್‌ನ ಅರ್ಥ. ಬಳಕೆದಾರರ ಸೆಷನ್ ಮುಚ್ಚುತ್ತಿರುವಾಗ ಹೊಸ ಪ್ರೋಗ್ರಾಂ ಒಂದು ತೆರೆದುಕೊಳ್ಳಲು ಹೋದರೆ ಹೀಗಾಗುತ್ತದೆ. ಆ ಆಂಟಿವೈರಸ್‌ನ ಸೆಟಿಂಗ್‌ನಲ್ಲಿ ಕಂಪ್ಯೂಟರ್ ಬಂದ್ ಮಾಡುವಾಗ ಬ್ರೌಸರ್ ಚರಿತ್ರೆ ಅಳಿಸುವ ಆಯ್ಕೆ ಚಾಲೂ ಇತ್ತು, ಅದನ್ನು ತೆಗೆದ ಮೇಲೆ ಎರರ್ ನಿಂತಿತು. ಅಲ್ಲಿ ಏನನ್ನೂ ಅನ್‌ಇನ್‌ಸ್ಟಾಲ್ ಮಾಡುವ ಅಗತ್ಯವಿರಲಿಲ್ಲ.

ಈ ಬಾಕ್ಸ್‌ಗಳನ್ನು ಕಾಣದಂತೆ ಮಾಡುವ ಅಡ್ಡದಾರಿಗಳೂ ಇವೆ. ರಿಜಿಸ್ಟ್ರಿಯಲ್ಲಿ ಎರರ್‌ಮೋಡ್ ಎಂಬುದನ್ನು 2 ಮಾಡಿದರೆ ಬಾಕ್ಸ್ ತೋರುವುದಿಲ್ಲ; ಆಟೋಎಂಡ್‌ಟಾಸ್ಕ್ಸ್ ಅನ್ನು 1 ಮಾಡಿದರೆ ಮುಚ್ಚಿಕೊಳ್ಳದ ಪ್ರೋಗ್ರಾಂಗಳನ್ನು ವಿಂಡೋಸ್ ಕೇಳದೆಯೇ ಕೊಲ್ಲುತ್ತದೆ. ಮೊದಲನೆಯದು ದೂರನ್ನು ಮುಚ್ಚುತ್ತದೆ, ಎರಡನೆಯದು ಉಳಿಸದ ಕೆಲಸವನ್ನು ನುಂಗುತ್ತದೆ. ಲೆಕ್ಕ ಬರೆಯುವ ಯಂತ್ರಗಳಲ್ಲಿ ಇವೆರಡನ್ನೂ ನಾನು ಮುಟ್ಟುವುದಿಲ್ಲ. ಕರೆಂಟ್ ಹೋಗಿ ಯುಪಿಎಸ್ ಕೂಗುತ್ತಿರುವಾಗ ಬೇಗ ಬಂದ್ ಆಗಲಿ ಎಂದು ಕೇಳುವವರ ತುರ್ತು ಅರ್ಥವಾಗುತ್ತದೆ, ಅದಕ್ಕೂ ಪರಿಹಾರ ಕಾರಣವನ್ನು ತೆಗೆಯುವುದೇ. ಇದಕ್ಕೆ ಬದಲಾಗಿ ನಾನು ರಿಜಿಸ್ಟ್ರಿಯಲ್ಲಿ ಮಾಡುವ ಒಂದೇ ಬದಲಾವಣೆ ವರ್ಬೋಸ್‌ಸ್ಟೇಟಸ್ ಎಂಬುದನ್ನು 1 ಮಾಡುವುದು. ಶಟ್ ಡೌನ್ ಆಗುವಾಗ ಯಾವ ಹಂತ ನಡೆದಿದೆ ಎಂಬುದು ತೆರೆಯ ಮೇಲೆ ವಿವರವಾಗಿ ಕಾಣುತ್ತದೆ, ಎಲ್ಲಿ ಸಿಕ್ಕಿಹಾಕಿಕೊಂಡಿತೆಂದು ಕಚೇರಿಯವರೇ ಫೋನಿನಲ್ಲಿ ಓದಿ ಹೇಳಬಲ್ಲರು.

ಹೊಸ ಆವೃತ್ತಿ ಹಾಕಿದ ಮೇಲೂ ಎರರ್ ಉಳಿದರೆ ಆಂಟಿವೈರಸ್ ಕಂಪನಿಯ ಸಹಾಯವಾಣಿಗೇ ಬರೆಯಬೇಕು. ಬಾಕ್ಸ್‌ನ ಮೊಬೈಲ್ ಫೋಟೋ, 1000 ಮತ್ತು 7043 ಈವೆಂಟ್‌ಗಳ ಪೂರ್ಣ ಪಠ್ಯ, ವಿಂಡೋಸ್‌ನ ಬಿಲ್ಡ್ ಸಂಖ್ಯೆ, ಆಂಟಿವೈರಸ್‌ನ ಆವೃತ್ತಿ ಸಂಖ್ಯೆ ಮತ್ತು ಎಫ್‌ಎಲ್‌ಟಿಎಂಸಿ ಪಟ್ಟಿ ಇಷ್ಟನ್ನು ಮೊದಲ ಪತ್ರದಲ್ಲೇ ಕಳಿಸಿದರೆ, ರೀಸ್ಟಾರ್ಟ್ ಮಾಡಿ ನೋಡಿ ಎಂಬ ಮೊದಲ ಉತ್ತರವನ್ನು ದಾಟಿ ವಿಷಯ ತಿಳಿದವರ ಕೈಗೆ ದೂರು ಬೇಗ ತಲುಪುತ್ತದೆ.