ಆಫ್ರಿಕಾ ಕಡೆ ಹೊಂಟೋರು ಯೆಲ್ಲೋ ಫೀವರ್ ಲಸಿಕಿ ಮೊದಲ ಹಾಕಿಸ್ಕೋರಿ

ನಮ್ಮ ಹುಬ್ಬಳ್ಳಿ-ಧಾರವಾಡ ಮಂದಿ ಯಾರರ ಉಗಾಂಡಾ, ನೈಜೀರಿಯಾ, ಘಾನಾ ಕಡೆ ಕೆಲಸಕ್ಕ ಹೊಂಟಿದ್ರ ಟಿಕೆಟ್ ತಗಸೂಕಿಂತ ಮೊದಲ ಈ ಯೆಲ್ಲೋ ಫೀವರ್ (ಸೊಳ್ಳಿ ಕಡದು ಬರೂ ಜ್ವರ) ಲಸಿಕಿ ಲೆಕ್ಕ ಹಾಕ್ರಿ, ಯಾಕಂದ್ರ ಲಸಿಕಿ ಹಾಕಿಸಿದ್ದಕ್ಕ ಕೊಡೂ ಸರ್ಟಿಫಿಕೇಟ್ ಚಾಲೂ ಆಗೂದು ಇಂಜೆಕ್ಷನ್ ಮಾಡಿಸ್ಕೊಂಡ 10 ದಿನದ ಮ್ಯಾಲ. ನಮ್ಮ ಕಾಕಾನ ಮಗ ಹೋಗೂದು ನಾಕ ದಿನ ಇದ್ದಾಗ ಓಡ್ಯಾಡಿ ಕಡೀಕ ಟಿಕೆಟ್ ಮುಂದ ಹಾಕಿಸಬೇಕಾತು, ನೋಡಿ ಭಾಳ ಬ್ಯಾಸರಾತ್ರಿ. ಎಲ್ಲಾ ದವಾಖಾನ್ಯಾಗ ಸಿಗಂಗಿಲ್ಲ, ಸರ್ಕಾರ ಗೊತ್ತು ಮಾಡಿದ ಸೆಂಟರ್‌ನಾಗ ಅಷ್ಟ, ಮೊದಲ ಫೋನ್ ಮಾಡಿ ಪಾಸ್‌ಪೋರ್ಟ್ ಹಿಡ್ಕೊಂಡ ಹೋಗ್ರಿ. ಇದು ಜೀವಂತ ವೈರಸ್ಸಿನ ಲಸಿಕಿ, ಅದಕ್ಕ ತತ್ತಿ ಅಲರ್ಜಿ ಇದ್ದೋರು, ಬಸರಿ ಹೆಣ್ಮಕ್ಕಳು, 60 ದಾಟಿದ ಹಿರೇರು ಡಾಕ್ಟರ್‌ಗೆ ಮುಚ್ಚಿಡದ ಹೇಳ್ರಿ. ಒಮ್ಮೆ ಹಾಕಿಸಿದ್ರ ಸಾಕು, 2016ರಿಂದ ಸರ್ಟಿಫಿಕೇಟ್ ಜೀವನಪೂರ್ತಿ ನಡಿತೈತಿ. ಈ ಸರ್ಟಿಫಿಕೇಟಿನ ಹಳದಿ ಕಾರ್ಡ್ ವಾಪಸ್ ಬರೂಮುಂದನೂ ಕೈಯಾಗ ಇರ್ಲಿ, ಇಲ್ಲಂದ್ರ ಇಲ್ಲಿ ಇಳದ ಕೂಡ್ಲೆ 6 ದಿನದ ತನಕ ಕ್ವಾರಂಟೈನ್‌ನಾಗ ಇಡಬಹುದು.