ಮಾತಿಗೆ ಮುನ್ನ ‘ಬೇಕು’: ಶಾಲೆಯಲ್ಲಿ ಚಿತ್ರ ಕಾರ್ಡ್ ಕಲಿಸುವ ಬಗೆ

ಆಟಿಸಂ ಇರುವ, ಇನ್ನೂ ಮಾತು ಬಾರದ ಮಗು ಶಾಲೆಗೆ ಸೇರಿದರೆ ವಾಕ್ ಚಿಕಿತ್ಸಕರಿಗೆ ಬರುವ ಮೊದಲ ಪ್ರಶ್ನೆ, ‘ಯಾವಾಗ ಮಾತಾಡ್ತಾನೆ?’ ಅದಕ್ಕಿಂತ ಮೊದಲು ಆಗಬೇಕಾದ್ದು ಬೇರೆ: ಬೇಕಾದ್ದನ್ನು ಅತ್ತು, ಕಚ್ಚಿ ಪಡೆಯುವ ಬದಲು ಎದುರಿನವರ ಬಳಿ ಬಂದು, ಅದರ ಚಿತ್ರ ಕಾರ್ಡ್ ಕೈಗೆ ಕೊಟ್ಟು ಕೇಳುವುದು. ಕಾರ್ಡ್ ಹಿಡಿಸಿದರೆ ಮಾತೇ ಬರಲ್ಲ ಎಂಬ ಹೆದರಿಕೆ ಬೇಡ. ಕಾರ್ಡ್ ಮಾತಿಗೆ ಅಡ್ಡ ಬರುವುದಿಲ್ಲ.

ಕಿವಿ ಪರೀಕ್ಷೆ ಆಗಿರದಿದ್ದರೆ ಮೊದಲು ಅದು ಮುಗಿಯಲಿ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ವ್ಯವಸ್ಥೆ ಇದೆ.

ಕಾರ್ಡ್ 5 ಸೆಂ.ಮೀ. ಚೌಕವಿರಲಿ. ವಸ್ತುವಿನದೇ ಫೋಟೊ, ಹಿನ್ನೆಲೆ ಖಾಲಿ ಬಿಳಿ. ಲ್ಯಾಮಿನೇಷನ್ ಕತ್ತರಿಸುವಾಗ ಕಾಗದದ ಅಂಚಿನಿಂದ 3 ಮಿ.ಮೀ. ಬಿಡಿ, ಅಂಚಿಗೇ ಕತ್ತರಿಸಿದರೆ ಜೊಲ್ಲು ಒಳಗಿಳಿದು ಪದರ ಬಿಟ್ಟುಕೊಳ್ಳುತ್ತದೆ. ಮೂಲೆ ದುಂಡಗೆ ಮಾಡಿ. ವೆಲ್ಕ್ರೋದ ಮೆತ್ತನೆಯ ಭಾಗ ಕಾರ್ಡಿಗೆ, ಒರಟು ಭಾಗ ಕಾರ್ಡ್ ಅಂಟಿಸಿಡುವ ಪುಸ್ತಕಕ್ಕೆ. ಎಲ್ಲ ತರಗತಿಯಲ್ಲೂ ಇದೇ ಕ್ರಮ ಇರದಿದ್ದರೆ ಒಂದರ ಕಾರ್ಡ್ ಇನ್ನೊಂದಕ್ಕೆ ಅಂಟುವುದಿಲ್ಲ. ಚಿತ್ರದ ಕೆಳಗೆ ಮನೆಯಲ್ಲಿ ಆಡುವ ಪದವೇ ಇರಲಿ. ಮನೆಯಲ್ಲಿ ‘ಸುಸ್ಸು’ ಅನ್ನುವ ಮಗುವಿಗೆ ‘ಶೌಚಾಲಯ’ ಯಾರ ಮಾತು?

ಮಗುವಿಗೆ ನಿಜಕ್ಕೂ ಆಸೆಯಿರುವ, ಬೇಗ ಮುಗಿಯುವ ಒಂದೇ ವಸ್ತು ಆರಿಸಿ. ಪಥ್ಯವೇನಾದರೂ ಇದೆಯೇ ಎಂದು ತಾಯಿಯನ್ನು ಕೇಳಿಕೊಳ್ಳಿ. ಕಡ್ಲೆಪುರಿ ಒಳ್ಳೆಯದು: ನಾಲ್ಕು ಕಾಳು ಕೊಟ್ಟರೆ ಕ್ಷಣದಲ್ಲಿ ಖಾಲಿ, ಮತ್ತೆ ಕೇಳಲು ಕಾರಣ ಸಿದ್ಧ. ಇಡೀ ಬಿಸ್ಕತ್ ಕೊಟ್ಟರೆ ಅರ್ಧ ಅವಧಿ ಅದರಲ್ಲೇ ಹೋಯಿತು.

ಕಲಿಸಲು ಇಬ್ಬರು ಬೇಕು. ಒಬ್ಬರು ಎದುರಿಗೆ ಕಡ್ಲೆಪುರಿ ಹಿಡಿದು ಸುಮ್ಮನಿರುತ್ತಾರೆ; ಇನ್ನೊಬ್ಬರು ಮಗುವಿನ ಹಿಂದೆ. ಮಗು ಪುರಿಗೆ ಕೈ ಚಾಚಿದೊಡನೆ ಹಿಂದಿನವರು ಆ ಕೈಯನ್ನು ಕಾರ್ಡಿಗೆ ತಿರುಗಿಸಿ, ಎತ್ತಿಸಿ, ಎದುರಿನವರ ಅಂಗೈಗೆ ಹಾಕಿಸುತ್ತಾರೆ. ತಕ್ಷಣ ‘ಪುರಿ!’ ಎಂದು ಕೊಡಿ. ಮುಂದಿನ ಸಲದಿಂದ ಹಿಂದಿನವರ ಸಹಾಯ ಅಂಗೈಯಿಂದ ಮಣಿಕಟ್ಟಿಗೆ, ಅಲ್ಲಿಂದ ಮೊಣಕೈಗೆ ಸರಿಯುತ್ತಾ ಕಡಿಮೆಯಾಗಬೇಕು.

ಕೆಡುವುದು ಹೆಚ್ಚಾಗಿ ಇಲ್ಲೇ. ‘ಏನು ಬೇಕು ಪುಟ್ಟ?’ ಎಂದು ಕೇಳುತ್ತಲೇ ಇದ್ದರೆ, ಕೇಳಿದರಷ್ಟೇ ಕಾರ್ಡ್ ಎತ್ತುವುದನ್ನು ಮಗು ಕಲಿಯುತ್ತದೆ. ಅಂಗೈ ಮೊದಲೇ ಚಾಚಿದರೂ ಅಷ್ಟೇ, ಅಂಗೈ ಕಾಣುವವರೆಗೆ ಕಾಯುತ್ತದೆ. ಮಾಸ್ತರರಿಗೆ ಸುಮ್ಮನಿರುವುದೇ ಕಷ್ಟದ ಪಾಠ.

ಹತ್ತರಲ್ಲಿ ಎಂಟು ಸಲ ಸಹಾಯವಿಲ್ಲದೆ ಕೊಟ್ಟರೆ ಪುಸ್ತಕ ದೂರವಿಡಿ, ಮಗು ಎದ್ದು ಬರಲಿ. ಆಮೇಲೆ ಎರಡು ಕಾರ್ಡ್: ಒಂದು ಪುರಿ, ಇನ್ನೊಂದು ಮಗುವಿಗೆ ಬೇಡದ್ದು, ಕಾಲುಚೀಲ ಅನ್ನಿ. ಕಾಲುಚೀಲದ ಕಾರ್ಡ್ ಕೊಟ್ಟರೆ ಕಾಲುಚೀಲವನ್ನೇ ಕೊಡಿ.

ಮುಂದೆ ‘ಪುರಿ’ ಜೊತೆ ‘ಬೇಕು’ ಕಾರ್ಡ್ ಸೇರಿಸುವಾಗ ಕನ್ನಡ ಕೈ ಹಿಡಿಯುತ್ತದೆ. ‘ನಂಗೆ ಬೇಕು’, ‘ಅವಳಿಗೆ ಬೇಕು’, ಎರಡರಲ್ಲೂ ‘ಬೇಕು’ ಬದಲಾಗದು. ಒಂದೇ ಕಾರ್ಡ್ ಸಾಕು. ಕೇಳಿದ್ದನ್ನೇ ಮರಳಿ ಹೇಳುವ ಮಗುವಿಗೆ ‘ನಿಂಗೆ ಪುರಿ ಬೇಕಾ?’ ಎನ್ನಬೇಡಿ, ಅದೇ ವಾಪಸ್ ಬರುತ್ತದೆ. ಮಗು ಹೇಳಬೇಕಾದ ರೂಪದಲ್ಲೇ ‘ಪುರಿ ಬೇಕು’ ಎನ್ನಿ.

ತಿಂಡಿಯ ಕಾರ್ಡ್ ಇಪ್ಪತ್ತು ಮಾಡಿಟ್ಟು, ‘ಬೇಡ’, ‘ಸಾಕು’ ಮರೆಯುವವರೇ ಹೆಚ್ಚು. ಬಿಸಿಯೂಟದ ಹಾಲ್‌ನ ಗದ್ದಲದಲ್ಲಿ ಕಿವಿ ಮುಚ್ಚಿ ಕಿರುಚುವ ಮಗುವಿಗೆ ಬೇಕಿರುವುದು ಅದೇ ‘ಸಾಕು’. ಹೊಸದರಲ್ಲಿ ಮಗು ಆ ಕಾರ್ಡ್ ಕೊಟ್ಟಾಗಲೆಲ್ಲ, ತಟ್ಟೆಯಲ್ಲಿ ಅನ್ನ ಉಳಿದಿದ್ದರೂ, ಹೊರಗೆ ಕರೆದುಕೊಂಡು ಹೋಗಿ.